ತಿರುಗುವ ಬೆಕ್ಕನ್ನು ಮನೆಯಲ್ಲೇ ನಿಲ್ಲಿಸುವುದು ಹೇಗೆ?

ನಮ್ಮ ಕರಿಯ ಎರಡು ರಾತ್ರಿ ಮನೆಗೆ ಬರಲಿಲ್ಲ. ಮೂರನೇ ದಿನ ಕುಂಟುತ್ತಾ ಬಂದ. ತೊಡೆಯ ಮೇಲೆ ಸೂಜಿ ಚುಚ್ಚಿದಷ್ಟು ಗಾಯ, ಅಷ್ಟೇ. ನಾಲ್ಕೇ ದಿನಕ್ಕೆ ಅಲ್ಲಿ ನಿಂಬೆಹಣ್ಣಿನ ಗಾತ್ರದ ಬಾವು. ಬೇರೆ ಬೆಕ್ಕು ಕಚ್ಚಿದರೆ ಹೀಗೇ. ಮೇಲೆ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಕೀವು ತೆಗೆಸಿಕೊಂಡು ಬಂದ ದಿನವೇ ಇವನ ತಿರುಗಾಟ ಸಾಕು ಅಂತ ತೀರ್ಮಾನಿಸಿದೆವು.

ಮೊದಲ ಕೆಲಸ ಮರಿಯಾಗದಂತೆ ಮಾಡಿಸುವ ಆಪರೇಷನ್. ಐದಾರು ತಿಂಗಳಿಗೇ ಮಾಡಿಸಬಹುದು. ಅದಿಲ್ಲದೆ ಕೂಡಿಹಾಕಿದರೆ ಗಂಡು ಬೆಕ್ಕು ಸೋಫಾ, ಗೋಡೆಗೆಲ್ಲ ಮೂತ್ರ ಸಿಡಿಸುತ್ತದೆ. ಹೆಣ್ಣು ಬೆದೆಗೆ ಬಂದಾಗ ರಾತ್ರಿಯಿಡೀ ಕೂಗುತ್ತದೆ. ರೇಬಿಸ್ ಲಸಿಕೆ ಒಳಗಿರುವ ಬೆಕ್ಕಿಗೂ ಬೇಕು.

ಆಮೇಲೆ ಕಿಟಕಿ, ಬಾಲ್ಕನಿ. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆಯನ್ನು ನಂಬಬೇಡಿ, ಬೆಕ್ಕುಗಳು ಕಡಿದು ತೂತು ಮಾಡಿಬಿಡುತ್ತವೆ. ತಂತಿ ಜಾಲರಿಯೇ ಆಗಬೇಕು. ಬೆಕ್ಕು ಎಲ್ಲಿಂದ ಬಿದ್ದರೂ ಏನೂ ಆಗಲ್ಲ ಅನ್ನುವವರಿದ್ದಾರೆ. ಸುಮ್ನೆ ಮಾತು. ಕಾಲ ಮೇಲೇ ಬಿದ್ದರೂ ಮೂರನೇ ಮಹಡಿಯಿಂದ ಬಿದ್ದ ಬೆಕ್ಕಿನ ಕಾಲೋ ದವಡೆಯೋ ಮುರಿಯಬಹುದು.

ಕಕ್ಕಸಿಗೆ ಅಗಲವಾದ ಪ್ಲಾಸ್ಟಿಕ್ ಟಬ್ ಇಡಿ. ಎರಡು ಮೂರು ಇಂಚು ಲಿಟ್ಟರ್ (ಬೆಕ್ಕಿನ ಕಕ್ಕಸಿಗೆಂದೇ ಅಂಗಡಿಯಲ್ಲಿ ಸಿಗುವ, ತೇವ ಹೀರುವ ಹರಳು) ಹಾಕಿ, ಮೇಲೆ ಒಂದು ಹಿಡಿ ಅಂಗಳದ ಮಣ್ಣು ಉದುರಿಸಿ. ಹೊರಗೆ ಕೆರೆದು ಅಭ್ಯಾಸವಾದ ಬೆಕ್ಕಿಗೆ ಆ ವಾಸನೆ ಗುರುತು ಸಿಗುತ್ತದೆ. ಊಟದ ತಟ್ಟೆ ದೂರ ಇರಲಿ. ಟಬ್ಬಿನ ಗಲೀಜನ್ನು ದಿನಾ ಎತ್ತಿ ಹಾಕದಿದ್ದರೆ ಬೆಕ್ಕು ನಿಮ್ಮ ಹಾಸಿಗೆಯನ್ನೇ ಆರಿಸಿಕೊಳ್ಳುತ್ತದೆ!

ನಿಜವಾದ ಪರೀಕ್ಷೆ ಶುರುವಾಗುವುದು ಬೆಳಗಿನ ಜಾವ ಐದಕ್ಕೆ, ಬಾಗಿಲ ಮುಂದೆ. ಕರಿಯ ಬಾಗಿಲು ಕೆರೆಯುತ್ತಾ ಒಂದೇ ಸಮನೆ ಕೂಗುತ್ತಿದ್ದ. ಹತ್ತನೇ ದಿನ ನನ್ನವರು ತಡೆಯಲಾಗದೆ ಬಾಗಿಲು ತೆಗೆದರು. ಅಲ್ಲಿಗೆ ಎಲ್ಲ ಮೊದಲಿಂದ. ಒಂದು ಗಂಟೆ ಕೂಗಿದರೆ ಬಾಗಿಲು ತೆರೆಯುತ್ತದೆ ಅಂತ ಅವನು ಕಲಿತುಬಿಟ್ಟ. ಕೊನೆಗೆ ಕೈಹಿಡಿದದ್ದು ರಾತ್ರಿಯ ಆಟ. ಮಲಗುವ ಮುಂಚೆ ಹದಿನೈದು ನಿಮಿಷ ದಾರಕ್ಕೆ ಗರಿ ಕಟ್ಟಿ ಎಳೆದಾಡಿಸಿ, ಆಮೇಲೆ ಊಟ ಹಾಕಿ. ಬೇಟೆಯಾಡಿ ತಿಂದ ಬೆಕ್ಕು ಮಲಗುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಲು ಮರೆಯಬೇಡಿ, ನುಂಗಿದರೆ ಕರುಳಿಗೆ ಅಪಾಯ.

ಉಗುರು ಕೆರೆಯಲು ಮರದ ತುಂಡಿಗೆ ಗೋಣಿಚೀಲ ಬಿಗಿದು ಕೊಡಿ. ಅಂಗಡಿಯ ದುಬಾರಿ ಕಂಬಕ್ಕಿಂತ ನಮ್ಮವನಿಗೆ ಇದೇ ಇಷ್ಟ. ಬೀರುವಿನ ಮೇಲೆ ಹಳೇ ಟವೆಲ್ ಹಾಸಿ, ಎತ್ತರ ಸಿಕ್ಕರೆ ಅರ್ಧ ಚಡಪಡಿಕೆ ಹೋಗುತ್ತದೆ. ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂ ಮಾತ್ರ ಮನೆಗೆ ಬೇಡ. ಅದು ಬೆಕ್ಕಿನ ಕಿಡ್ನಿಗೆ ವಿಷ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಸಾಕುಬೆಕ್ಕುಗಳನ್ನು ಹೊರಗೆ ಅಡ್ಡಾಡಲು ಬಿಡುವಂತಿಲ್ಲ. ಅಲ್ಲಿನ ಚಿಂತೆ ಮುಖ್ಯವಾಗಿ ಹಕ್ಕಿ, ಸಣ್ಣ ಪ್ರಾಣಿಗಳದ್ದು. ಹಾಗಂತ ಹಳ್ಳಿಯಲ್ಲಿ ಭತ್ತದ ಮೂಟೆ ಕಾಯುವ ಬೆಕ್ಕನ್ನು ಕೋಣೆಗೆ ತಳ್ಳಿ ಅಂತ ನಾನಂತೂ ಹೇಳುವುದಿಲ್ಲ. ಅದಕ್ಕೆ ಆಪರೇಷನ್, ಲಸಿಕೆ ಆಗಿದ್ದರೆ ಸಾಕು.

ಇಷ್ಟಾದರೂ ಒಂದು ದಿನ ಗ್ಯಾಸ್ ಸಿಲಿಂಡರ್ ಒಳಗೆ ಬರುವಾಗ ಬೆಕ್ಕು ಹೊರಗೆ ಓಡುತ್ತದೆ. ಊರೆಲ್ಲ ಹುಡುಕಬೇಡಿ. ಮನೆಬೆಕ್ಕು ಹೆದರಿ ಹತ್ತಿರದಲ್ಲೇ ಅವಿತಿರುವುದು ಜಾಸ್ತಿ. ರಾತ್ರಿ ಗದ್ದಲ ಅಡಗಿದ ಮೇಲೆ ಮೆಟ್ಟಿಲ ಕೆಳಗೆ, ನಿಂತ ಕಾರುಗಳ ಅಡಿಗೆ ಟಾರ್ಚ್ ಬಿಡಿ. ಎರಡು ಕಣ್ಣು ಹೊಳೆಯುತ್ತವೆ.