ಮೂರು ಮಳೆಗಾಲ ಕಂಡ ಕೆಲಸ

ಶಿವಮೊಗ್ಗದ ನಮ್ಮ ಮನೆಯ ನಾಲ್ಕು ಬಾಗಿಲುಗಳನ್ನು ಬದಲಿಸಿ ಅಡುಗೆಮನೆಗೆ ಕಪಾಟು ಮಾಡಿಸಲು ಹೊರಟಾಗ, ಎಲ್ಲರಿಗಿಂತ ಕಡಿಮೆ ದರ ಹೇಳಿದ ಬಡಗಿಗೆ ಕೆಲಸ ಒಪ್ಪಿಸಿದ್ದೆ. ಅವರು ಅರ್ಧ ಗಂಟೆಯಲ್ಲಿ ಅಳತೆ ಮುಗಿಸಿ, 30,000 ರೂಪಾಯಿ ಮುಂಗಡ ಪಡೆದು, ಎರಡು ಹಲಗೆ ತಂದಿಟ್ಟು ಬೇರೊಂದು ಮನೆಯ ಕೆಲಸಕ್ಕೆ ಹೋದರು. ಒಂದೂವರೆ ತಿಂಗಳು ಬೆನ್ನುಬಿದ್ದ ಮೇಲೆ ಅರ್ಧ ಹಣ ಮರಳಿತು; ಉಳಿದದ್ದರ ಆಸೆಯನ್ನು ನಾನೇ ಬಿಟ್ಟೆ.

ಎರಡನೆಯ ಬಾರಿ ದರ ಕೇಳುವ ಮೊದಲು ಕೆಲಸ ನೋಡಿದೆ. ಹೊಸದಾಗಿ ಪಾಲಿಶ್ ಮಾಡಿದ ಬಾಗಿಲು ಯಾರ ಕೈಯದ್ದಾದರೂ ಚೆಂದವೇ. ಸರಿಯಾಗಿ ಒಣಗದ ಮರದ ಬಣ್ಣ ಬಯಲಾಗುವುದು ಮಳೆಗಾಲದಲ್ಲಿ. ಆದ್ದರಿಂದ ಕನಿಷ್ಠ ಮೂರು ಮಳೆಗಾಲ ಕಂಡ ಕೆಲಸವನ್ನೇ ತೋರಿಸುವಂತೆ ಕೇಳಿದೆ. ಇಬ್ಬರು ನುಣುಚಿಕೊಂಡರು. ಮೂರನೆಯವರು, ಅರವತ್ತರ ಆಸುಪಾಸಿನ ಆಚಾರ್ರು, ನಾಲ್ಕು ವರ್ಷದ ಹಿಂದೆ ತಾವು ಕೆಲಸ ಮಾಡಿದ್ದ ಮನೆಗೆ ಕರೆದೊಯ್ದರು. ಅಲ್ಲಿ ಡ್ರಾಯರ್‌ಗಳನ್ನು ಪೂರ್ತಿ ಎಳೆದು ನೋಡಿದೆ, ಸಿಂಕಿನ ಕೆಳಗಿನ ಹಲಗೆ ಉಬ್ಬಿದೆಯೇ ಎಂದು ಬೆರಳಾಡಿಸಿದೆ, ದಾರಂದದ ಮೂಲೆಗಳಲ್ಲಿ ಬಿರುಕು ಹುಡುಕಿದೆ. ಕೆಲಸ ಮುಗಿದ ಮೇಲೆ ಕರೆದರೆ ಬರುತ್ತಾರೆಯೇ ಎಂದು ಮನೆಯಾಕೆಯನ್ನು ಕೇಳಿದಾಗ, "ತಡವಾಗಿ ಬರ್ತಾರೆ, ಆದರೆ ಬರ್ತಾರೆ" ಎಂದರು. ಬರೀ ಹೊಗಳಿದ್ದರೆ ನಾನು ಅಷ್ಟು ನಂಬುತ್ತಿರಲಿಲ್ಲ.

"ಸಾಮಾನು ನೀವೇ ತನ್ನಿ ಮೇಷ್ಟ್ರೇ, ಆಮೇಲೆ ಅನುಮಾನ ಬೇಡ" ಎಂದು ಆಚಾರ್ರೇ ಹೇಳಿದ್ದರಿಂದ ಕೂಲಿಗೆ ಮಾತ್ರ ಒಪ್ಪಂದವಾಯಿತು. ಮರದ ಲೆಕ್ಕವನ್ನು ಕಲಿಸಿದವರೂ ಅವರೇ: ಇಂಚಿನಲ್ಲಿ ಅಗಲ ಮತ್ತು ದಪ್ಪ, ಅಡಿಯಲ್ಲಿ ಉದ್ದ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಏಳು ಅಡಿಯ ಎರಡು ಕಂಬ, ಮೂರೂವರೆ ಅಡಿಯ ಮೇಲ್ಪಟ್ಟಿ ಇರುವ 5×3 ಇಂಚಿನ ದಾರಂದಕ್ಕೆ ಸುಮಾರು 1.82 ಘನ ಅಡಿ ಬೇಕು. ಈ ಲೆಕ್ಕ ಕೈಯಲ್ಲಿದ್ದುದರಿಂದ ಮರದ ಅಂಗಡಿಯಲ್ಲಿ ತಲೆಯಾಡಿಸುತ್ತ ನಿಲ್ಲುವ ಪ್ರಸಂಗ ತಪ್ಪಿತು. ಪ್ಲೈವುಡ್‌ನಲ್ಲಿ ಸಿಂಕಿನ ಭಾಗಕ್ಕೆ ನೀರನ್ನು ಹೆಚ್ಚು ತಾಳುವ ಐಎಸ್ 710 (ಐಎಸ್ ಎಂದರೆ ಭಾರತೀಯ ಮಾನಕ), ಉಳಿದ ಕಪಾಟಿಗೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿಯುವ ನೀರನ್ನು ತಾಳುವ) ದರ್ಜೆಯ 18 ಎಂಎಂ ಹಲಗೆ ತಂದೆ. ಆ ಮಾನಕದ ಮುದ್ರೆಯನ್ನು ಬಿಲ್ಲಿನಲ್ಲಷ್ಟೇ ಅಲ್ಲದೆ ಪ್ರತಿ ಹಲಗೆಯ ಮೇಲೂ ನೋಡಿಕೊಂಡೆ. 8×4 ಅಡಿಯ ಹಲಗೆಯಲ್ಲಿ ಯಾವ ತುಂಡು ಎಲ್ಲಿಂದ ಬರಬೇಕೆಂದು ಆಚಾರ್ರು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದುಕೊಂಡೇ ಗರಗಸ ಹಿಡಿದದ್ದನ್ನು ಕಂಡಾಗ, ನಿಜ ಹೇಳಬೇಕೆಂದರೆ, ನನ್ನ ಅರ್ಧ ಆತಂಕ ಇಳಿದಿತ್ತು.

ಹಣದ ವಿಷಯವನ್ನು ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ದಾರಂದ ನಿಂತಾಗ, ಕಪಾಟಿನ ಪೆಟ್ಟಿಗೆ ಕೂತಾಗ, ಬಾಗಿಲು ಕೂರಿಸಿದಾಗ ಒಂದೊಂದು ಕಂತು. 5,000 ರೂಪಾಯಿ ಮಾತ್ರ ಮುಂದಿನ ಮಳೆಗಾಲದವರೆಗೆ ನನ್ನ ಬಳಿಯೇ. ಅದಕ್ಕೆ ಅವರು ಮುಖ ಸಣ್ಣದು ಮಾಡಿದರೂ ಒಪ್ಪಿದರು.

ಆಗಸ್ಟಿನಲ್ಲಿ ಹಿತ್ತಿಲ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಫೋನ್ ಮಾಡಿದ ಹತ್ತನೆಯ ದಿನ ಆಚಾರ್ರು ಬಂದು, ಬಾಗಿಲನ್ನು ಕಳಚಿ ಅಡಿಯಂಚನ್ನು ನೋಡಿ, "ಇಲ್ಲಿ ವಾರ್ನಿಷ್ ಬಿಟ್ಟುಹೋಗಿದೆ, ನನ್ನದೇ ತಪ್ಪು" ಎಂದರು. ಒಂದು ಎಳೆಯಷ್ಟು ಕೀಸಿ, ಮರ ಒಣಗಲೆಂದು ಎರಡು ದಿನ ಒಳಗಿಟ್ಟು, ವಾರ್ನಿಷ್ ಬಳಿದು ಮತ್ತೆ ಕೂರಿಸಿದ ಮೇಲೆಯೇ 5,000 ರೂಪಾಯಿ ತೆಗೆದುಕೊಂಡರು.