ಸೌದೆ, ಹೊತ್ತು, ಹೊಗೆ: ಅಡುಗೆಮನೆಯಲ್ಲಿ ನಾವು ಅಳೆಯುವ ಬಗೆ

ಕರೆಂಟ್ ಬಂದಿದೆಯೇ, ಗ್ಯಾಸ್ ಇದೆಯೇ ಎಂದು ಎರಡೇ ಪ್ರಶ್ನೆ ಕೇಳಿ ಸಮೀಕ್ಷೆ ಮುಗಿಸಿದರೆ, ಇಂಧನದ ಬಡತನ ಯಾರ ಮೈಮೇಲೆ ಬೀಳುತ್ತಿದೆ ಎಂಬುದು ಗೊತ್ತಾಗುವುದೇ ಇಲ್ಲ. ಮನೆಗೆ ಕರೆಂಟ್ ಇರುತ್ತದೆ, ಬಲ್ಬ್ ಮಾತ್ರ ಹಜಾರದಲ್ಲಿರುತ್ತದೆ. ಒಲೆ ಮುಂದೆ ಕೂತವಳಿಗೆ ಉರಿಯ ಬೆಳಕೇ ಗತಿ. ಅದಕ್ಕೇ ನಮ್ಮ ಅಳತೆ ಒಲೆಯ ಬಳಿಯಿಂದಲೇ ಶುರು.

ಮೊದಲು ಸೌದೆ. ಮೂರು ದಿನದ ಬಳಕೆ ತಿಳಿಯಲು ನಾಲ್ಕು ದಿನ ಅದೇ ಹೊತ್ತಿಗೆ ಹೋಗಿ ತೂಗಬೇಕು. ಕೊಕ್ಕೆಯ ತಕ್ಕಡಿ ಸಾಕು. ನಿನ್ನೆಯ ರಾಶಿಗೆ ಹೊಸದಾಗಿ ಸೇರಿದ್ದನ್ನು ಕೂಡಿಸಿ, ಇವತ್ತು ಉಳಿದದ್ದನ್ನು ಕಳೆದರೆ ಒಂದು ದಿನದ ಖರ್ಚು. ಇದು ಕೆಡುವುದು ಎರಡು ಕಡೆ: ದಾರಿಯಲ್ಲಿ ಆರಿಸಿ ತಂದ ಪುಳ್ಳೆ ರಾಶಿಗೆ ಸೇರದೆ ನೇರ ಒಲೆಗೆ ಹೋಗಿರುತ್ತದೆ, ತೂಗುತ್ತಾರೆಂದು ಗೊತ್ತಾದ ಮೇಲೆ ಆಕೆ ಕೈ ಬಿಗಿ ಹಿಡಿಯುತ್ತಾಳೆ. ಹಾಗಾಗಿ ಮೊದಲ ದಿನದ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಉಂಡವರ ತಲೆ ಎಣಿಸುವಾಗ ಬಳಕೆಯಲ್ಲಿರುವ ಕೋಷ್ಟಕ ಹೀಗಿದೆ: 15ರಿಂದ 59 ವರ್ಷದ ಗಂಡಸು 1, ಹದಿನಾಲ್ಕು ದಾಟಿದ ಹೆಂಗಸು 0.8, ಮಕ್ಕಳು 0.5. ಇಂಧನವನ್ನು ತಲೆಗೆ ಹಂಚಲು ಇದು ಸರಿ. ಅದನ್ನು ಹೊತ್ತು ತಂದವಳ ದುಡಿಮೆ ಇದರಲ್ಲಿ ಬರುವುದಿಲ್ಲ. ಹೊರೆಯನ್ನು ಬೇರೆಯಾಗಿಯೇ ತೂಗಬೇಕು, ತಲೆಯಿಂದ ಇಳಿಸಿದ ಕೂಡಲೇ.

ತೇವಾಂಶ ನೋಡದೆ ತೂಕ ಬರೆದುಕೊಂಡರೆ ಅರ್ಧ ಕೆಲಸ ಮಾತ್ರ ಆದಂತೆ. ತೇವ ತೋರಿಸುವ ಮುಳ್ಳಿನ ಮಾಪಕವನ್ನು ಸೌದೆಯ ಹೊರಮೈಗೆ ಚುಚ್ಚಬೇಡಿ, ಕೊರಡನ್ನು ಸೀಳಿ ಒಳಮೈಗೆ ಚುಚ್ಚಿ. ಮಾಪಕ ಸಾಮಾನ್ಯವಾಗಿ ತೋರಿಸುವುದು ಒಣತೂಕದ ಲೆಕ್ಕ, ಅಂದರೆ ನೀರು ಬಿಟ್ಟು ಉಳಿದ ಒಣ ಸೌದೆಯ ತೂಕಕ್ಕೆ ನೀರು ಶೇಕಡಾ ಎಷ್ಟು ಎಂಬುದು. 25 ಎಂದು ಬಂದರೆ, ಹಸಿತೂಕದಲ್ಲಿ (ನೀರೂ ಸೇರಿದ ಒಟ್ಟು ತೂಕದಲ್ಲಿ) ಅದು ಶೇ. 20. ಅಂದರೆ 20 ಕೆಜಿ ಹೊರೆಯಲ್ಲಿ 4 ಕೆಜಿ ನೀರೇ. ಆ ನೀರನ್ನು ಹೊತ್ತು ತಂದವಳು ಅದನ್ನು ಆವಿ ಮಾಡುವುದಕ್ಕೇ ಸುಮಾರು ಅರ್ಧ ಕೆಜಿ ಒಣ ಸೌದೆಯ ಶಾಖ ಸುಡುತ್ತಾಳೆ, ಹೆಚ್ಚಿನ ಹೊಗೆಯನ್ನೂ ಕುಡಿಯುತ್ತಾಳೆ. ಸೀಳಿ, ಮಳೆ ತಾಗದಂತೆ, ಗಾಳಿಯಾಡುವಂತೆ ಒಟ್ಟಿಡಲು ಒಂದು ಮಾಡು ಹಾಕಿಕೊಡುವುದನ್ನು ಹೊಸ ಒಲೆಗಿಂತ ಮೊದಲು ಯೋಚಿಸಬೇಕೆಂದು ನಾನು ಹೇಳುವುದು ಇದಕ್ಕೇ.

ಹೊತ್ತಿನ ಲೆಕ್ಕ ಎಲ್ಲಕ್ಕಿಂತ ಕಷ್ಟ. "ಸೌದೆಗೆ ಎಷ್ಟು ಹೊತ್ತು ಹಿಡಿಯುತ್ತದೆ?" ಎಂದರೆ ಹೋಗಿಬರುವ ಹೊತ್ತಷ್ಟೇ ಹೇಳುತ್ತಾರೆ. ಸೀಳುವುದು, ಒಣಹಾಕುವುದು, ಉರಿ ಊದುತ್ತ ಕೂರುವುದು, ಪಾತ್ರೆಯ ಮಸಿ ತಿಕ್ಕುವುದು ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. "ನಿನ್ನೆ ಎದ್ದ ಮೇಲೆ ಮೊದಲು ಏನು ಮಾಡಿದಿರಿ?" ಎಂದು ಶುರುಮಾಡಿ ಮಲಗುವವರೆಗೂ ಒಂದೊಂದೇ ಕೇಳಿ. ಒಲೆ ನೋಡುತ್ತ ಮಗುವನ್ನೂ ಎತ್ತಿಕೊಂಡಿದ್ದರೆ ಎರಡನ್ನೂ ಬರೆಯಿರಿ. ಗಂಡ ಪಕ್ಕದಲ್ಲಿ ಕೂತಿದ್ದರೆ ಉತ್ತರ ಅವನದೇ ಆಗುತ್ತದೆ, ಆದ್ದರಿಂದ ಇಬ್ಬರನ್ನೂ ಬೇರೆಬೇರೆ ಕೇಳಬೇಕು.

ಹೊಗೆಯ ಮಾಪಕವನ್ನು ಒಲೆಯಿಂದ 1 ಮೀಟರ್ ದೂರ, ನೆಲದಿಂದ ಸುಮಾರು 1.45 ಮೀಟರ್ ಎತ್ತರ, ಬಾಗಿಲು ಕಿಟಕಿಗಳಿಂದ ಒಂದೂವರೆ ಮೀಟರ್ ಆಚೆ ತೂಗುಹಾಕಿ, 24 ಗಂಟೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಪಿಎಂ 2.5ರ (ಹೊಗೆಯಲ್ಲಿರುವ ಅತಿ ಸಣ್ಣ ಕಣಗಳ) ದಿನದ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ಅಗ್ಗದ ಮಾಪಕಗಳು ದಟ್ಟ ಹೊಗೆಯಲ್ಲಿ ಸೋತು ಒಂದೇ ಅಂಕಿಯಲ್ಲಿ ನಿಂತುಬಿಡುತ್ತವೆ. ಹಾಗೆ ನಿಂತದ್ದನ್ನು "ಇದಕ್ಕಿಂತ ಹೆಚ್ಚು" ಎಂದೇ ಬರೆಯಿರಿ.

ಗ್ಯಾಸ್ ಇರುವ ಮನೆಯಲ್ಲಿ ಪಾತ್ರೆಗಳ ತಳ ತಿರುಗಿಸಿ ನೋಡಿ. ಹೊಸ ಮಸಿ ಇದ್ದರೆ ಸೌದೆ ಒಲೆ ಇನ್ನೂ ಉರಿಯುತ್ತಿದೆ. ಖಚಿತವಾಗಬೇಕೆಂದರೆ ಎರಡೂ ಒಲೆಗೆ ಗುಂಡಿ ಲಾಗರ್, ಅಂದರೆ ಉಷ್ಣತೆಯನ್ನು ತಾನೇ ಬರೆದಿಡುವ ಗುಂಡಿಯಷ್ಟು ಸಣ್ಣ ಸಾಧನ, ಅಂಟಿಸಬಹುದು, ಆದರೆ ಸಾಮಾನ್ಯ ಲಾಗರ್ 85 ಡಿಗ್ರಿ ದಾಟಿದರೆ ಕೆಡುತ್ತದೆ, ಉರಿಯಿಂದ ದೂರವಿರಲಿ.

ಎಲ್ಲ ಬರೆದಾದ ಮೇಲೆ ಅಂಕಿಗಳನ್ನು ಮೊದಲು ಅಡುಗೆ ಮಾಡುವವಳಿಗೇ ಓದಿ ಹೇಳಿ. "ಆ ದಿನ ನೆಂಟರಿದ್ದರು", "ಆ ಸೌದೆ ನೀರು ಕಾಯಿಸಲು ಹೋಯಿತು" ಎಂದು ನಮ್ಮ ತಪ್ಪು ಹಿಡಿಯುವವಳು ಅವಳೇ.