‘ಗೆಟ್’ ಎದುರಾದಾಗ ಅರ್ಥ ಹಿಡಿಯುವ ಬಗೆ

ಇಂಗ್ಲಿಷ್‌ನ ‘ಗೆಟ್’ಗೆ ಕನ್ನಡದಲ್ಲಿ ಒಂದೇ ಪದ ಹುಡುಕಲು ಹೊರಟರೆ ಸಿಗುವುದಿಲ್ಲ. ಸಿಗು, ಪಡೆ, ತರು, ಕೊಳ್ಳು, ಆಗು, ತಲುಪು, ಹತ್ತು, ಇಳಿ, ಅರ್ಥವಾಗು, ಮಾಡಿಸು, ಇವೆಲ್ಲವೂ ಅದರ ಅರ್ಥಗಳೇ. ನಿಘಂಟಿನ ಪಟ್ಟಿಯನ್ನು ಬಾಯಿಪಾಠ ಮಾಡಿದರೂ ಮಾತಿನ ನಡುವೆ ಅದು ನೆರವಿಗೆ ಬರುವುದಿಲ್ಲ. ಬೇಕಾದದ್ದು ಬೇರೆಯೇ ಅಭ್ಯಾಸ: ‘ಗೆಟ್’ ಕಂಡ ಕೂಡಲೇ ಕಣ್ಣು ಅದರ ಮುಂದಿನ ಪದಕ್ಕೆ ಹೋಗಬೇಕು. ಅಲ್ಲಿರುವುದು ವಸ್ತುವಿನ ಹೆಸರೋ, ಗುಣವಾಚಕವೋ, ಸ್ಥಳವೋ, ಇನ್ನೊಂದು ಕ್ರಿಯಾಪದವೋ ಎಂದು ಗುರುತಿಸಿದರೆ ಅರ್ಥ ಬಹುಪಾಲು ಬಿಡಿಸಿಕೊಳ್ಳುತ್ತದೆ.

ಈ ಪದ ಇಂಗ್ಲಿಷ್‌ಗೆ ಬಂದದ್ದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ‘ಗೆಟಾ’ ಎಂದರೆ ಪಡೆಯುವುದು. ಕೈಗೆ ಬರುವುದು ಎಂಬ ಆ ಮೂಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದ ಅರ್ಥಗಳು ಅಷ್ಟು ದೂರದವೆನಿಸುವುದಿಲ್ಲ: ಒಂದು ಸ್ಥಿತಿಗೆ ಬರುವುದು, ಒಂದು ಜಾಗಕ್ಕೆ ಬರುವುದು, ತಲೆಗೆ ಬರುವುದು.

ಮುಂದೆ ನಾಮಪದ ಇದ್ದರೆ

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ವಸ್ತು ತಾನಾಗಿ ಬಂತೇ, ಇಲ್ಲ ಕರ್ತೃ ಪ್ರಯತ್ನಪಟ್ಟು ತಂದುಕೊಂಡನೇ? ಇಂಗ್ಲಿಷ್ ಎರಡಕ್ಕೂ ಒಂದೇ ವಾಕ್ಯರಚನೆ ಬಳಸುತ್ತದೆ, ಕನ್ನಡ ಬಳಸುವುದಿಲ್ಲ. ‘ಐ ಗಾಟ್ ಎ ಲೆಟರ್’ ಅಂದರೆ ನನಗೆ ಪತ್ರ ಬಂತು. ‘ಶಿ ಗಾಟ್ ಎ ಶಾಕ್’ ಅಂದರೆ ಅವಳಿಗೆ ಆಘಾತವಾಯಿತು. ಪ್ರಯತ್ನವಿಲ್ಲದ ಕಡೆ ಕನ್ನಡದಲ್ಲಿ ‘ನನಗೆ, ಅವಳಿಗೆ’ ಎಂಬ ಚತುರ್ಥಿ ರೂಪವೇ ಸರಿ. ‘ನಾನು ಪತ್ರವನ್ನು ಪಡೆದೆನು’ ಎಂದರೆ ವ್ಯಾಕರಣ ತಪ್ಪಲ್ಲ, ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಪ್ರಯತ್ನವಿದ್ದರೆ ‘ನಾನು’ ಬರಬೇಕು: ‘ಐ ಗಾಟ್ ಸಮ್ ಮಿಲ್ಕ್ ಆನ್ ದಿ ವೇ’ ಅಂದರೆ ದಾರಿಯಲ್ಲಿ ಹಾಲು ತಂದೆ. ಎರಡು ಕರ್ಮಗಳು ಸಾಲಾಗಿ ಬಂದರೆ, ‘ಗೆಟ್ ಮಿ ಎ ಚೇರ್’ ಎಂಬಂತೆ, ಅದು ಸಾಮಾನ್ಯವಾಗಿ ತಂದುಕೊಡು ಅಥವಾ ಕೊಡಿಸು.

‘ಐ ವಿಲ್ ಗೆಟ್ ಇಟ್’ ಎಂಬ ಮಾತಿನಲ್ಲಿ ಮುಂದಿನ ಪದವೂ ನೆರವಾಗದು, ಸಂದರ್ಭವನ್ನೇ ನೋಡಬೇಕು. ಬಾಗಿಲು ತಟ್ಟಿದಾಗ ಅದು ‘ನಾನು ತೆಗೀತೀನಿ’, ಫೋನ್ ಬಡಿದುಕೊಂಡಾಗ ‘ನಾನು ಎತ್ತೀನಿ’, ಬಿಲ್ ಮುಂದಿಟ್ಟಾಗ ‘ನಾನು ಕೊಡ್ತೀನಿ’. ಹಾಗೆಯೇ ಮಾತು, ನಗೆಹನಿ, ವಿವರಣೆ ಎದುರಿಗಿದ್ದರೆ ‘ಗೆಟ್’ ಅಂದರೆ ಅರ್ಥವಾಗುವುದು: ‘ಐ ಡೋಂಟ್ ಗೆಟ್ ಇಟ್’, ನನಗೆ ತಿಳೀತಿಲ್ಲ.

ಗುಣವಾಚಕ ಮತ್ತು ಆ ಪುಟ್ಟ ‘ಎ’

ಗುಣವಾಚಕ ಬಂದರೆ ಅರ್ಥ ಒಂದೇ, ಆಗು: ಗೆಟ್ ಟೈರ್ಡ್, ಗೆಟ್ ಆ್ಯಂಗ್ರಿ, ಗೆಟ್ ರೆಡಿ. ಎಡವುವುದು ಮೂರು ಕಡೆ. ಮೊದಲನೆಯದು ‘ಎ’ ಎಂಬ ಉಪಪದ. ‘ಶಿ ಈಸ್ ಗೆಟಿಂಗ್ ಕೋಲ್ಡ್’ ಅಂದರೆ ಅವಳಿಗೆ ಚಳಿಯಾಗುತ್ತಿದೆ; ‘ಶಿ ಈಸ್ ಗೆಟಿಂಗ್ ಎ ಕೋಲ್ಡ್’ ಅಂದರೆ ನೆಗಡಿ ಶುರುವಾಗುತ್ತಿದೆ. ‘ಎ’ ಬಂದ ಕೂಡಲೇ ‘ಕೋಲ್ಡ್’ ನಾಮಪದವಾಯಿತು, ಹಾಗಾಗಿ ‘ಗೆಟ್’ನ ಅರ್ಥವೂ ಬದಲಾಯಿತು. ಎರಡನೆಯದು ಇದರ ಮುಂದುವರಿಕೆ: ‘ಅವನು ಡಾಕ್ಟರ್ ಆದ’ ಎನ್ನಲು ‘ಹಿ ಗಾಟ್ ಎ ಡಾಕ್ಟರ್’ ಎಂದರೆ ಡಾಕ್ಟರನ್ನು ಕರೆತಂದ ಎಂದಾಗುತ್ತದೆ. ನಾಮಪದದ ಜೊತೆ ‘ಆಗು’ ಬೇಕಾದಾಗ ‘ಬಿಕಮ್’ ಬಳಸಿ. ಮೂರನೆಯದು, ಎಲ್ಲ ‘ಆಗು’ಗಳೂ ‘ಗೆಟ್’ ಅಲ್ಲ. ಆಹಾರ ಕೆಡುವುದು, ಕಣ್ಣು ಕುರುಡಾಗುವುದು ಮುಂತಾದ ಕೆಡುಕಿನ ಬದಲಾವಣೆಗೆ ಸಾಮಾನ್ಯವಾಗಿ ‘ಗೋ’ ಬರುತ್ತದೆ: ‘ದಿ ಮಿಲ್ಕ್ ವೆಂಟ್ ಬ್ಯಾಡ್’.

ಸ್ಥಳ

‘ಗೆಟ್ ಟು ದಿ ಸ್ಟೇಷನ್’ ಅಂದರೆ ನಿಲ್ದಾಣ ತಲುಪು. ಹೋಮ್, ಹಿಯರ್, ದೇರ್ ಈ ಮೂರಕ್ಕೆ ‘ಟು’ ಸೇರಿಸಬಾರದು; ‘ಗಾಟ್ ಹೋಮ್’ ಸರಿ, ‘ಗಾಟ್ ಟು ಹೋಮ್’ ತಪ್ಪು. ವಾಹನಗಳಲ್ಲಿ, ಬಸ್ಸು, ರೈಲು, ವಿಮಾನಗಳಂತೆ ಒಳಗೆ ನಿಂತು ಓಡಾಡಬಹುದಾದವಕ್ಕೆ ‘ಗೆಟ್ ಆನ್, ಗೆಟ್ ಆಫ್’; ಕಾರಿನಂತೆ ಬಗ್ಗಿ ಕೂರುವವಕ್ಕೆ ‘ಗೆಟ್ ಇನ್, ಗೆಟ್ ಔಟ್’. ಸೈಕಲ್ಲಿಗೂ ಕುದುರೆಗೂ ‘ಆನ್’ ಮತ್ತು ‘ಆಫ್’.

ಇನ್ನೊಂದು ಕ್ರಿಯಾಪದ ಸೇರಿದಾಗ

ಕನ್ನಡಿಗರು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ನಮ್ಮಲ್ಲಿ ಪ್ರೇರಣಾರ್ಥಕ ‘ಇಸು’ ಕ್ರಿಯಾಪದದೊಳಗೇ ಅಡಗಿರುತ್ತದೆ: ಮಾಡು, ಮಾಡಿಸು. ಇಂಗ್ಲಿಷ್ ಅದನ್ನು ‘ಗೆಟ್’ ಮೂಲಕ ಹೊರಗೆ ಹೇಳುತ್ತದೆ. ‘ಫೋನ್ ರಿಪೇರಿ ಮಾಡಿಸಿದೆ’ ಎಂಬುದನ್ನು ‘ಐ ರಿಪೇರ್ಡ್ ಮೈ ಫೋನ್’ ಎಂದರೆ ನೀವೇ ಬಿಚ್ಚಿ ಸರಿಮಾಡಿದಿರಿ ಎಂದು ಕೇಳುವವರು ತಿಳಿಯುತ್ತಾರೆ. ಹೇಳಬೇಕಾದದ್ದು ‘ಐ ಗಾಟ್ ಮೈ ಫೋನ್ ರಿಪೇರ್ಡ್’. ಕ್ರಮ ಹೀಗೆ: ಗೆಟ್, ನಂತರ ವಸ್ತು, ನಂತರ ಕ್ರಿಯಾಪದದ ಮೂರನೆಯ ರೂಪ. ವಸ್ತು ನಡುವೆಯೇ ಬರಬೇಕು. ಮಾಡಿದ ವ್ಯಕ್ತಿಯನ್ನು ಹೆಸರಿಸುವುದಾದರೆ ರಚನೆ ಬೇರೆ, ಅಲ್ಲಿ ‘ಟು’ ಕಡ್ಡಾಯ: ‘ಐ ಗಾಟ್ ಹಿಮ್ ಟು ಸೈನ್’. ‘ಮೇಕ್’ ಇದ್ದಲ್ಲಿ ‘ಟು’ ಇರುವುದಿಲ್ಲವಾದ್ದರಿಂದ ಎರಡೂ ಕಲಸಿಹೋಗುತ್ತವೆ. ಅರ್ಥದಲ್ಲೂ ಎಳೆಯಷ್ಟು ಅಂತರವಿದೆ. ‘ಮೇಡ್ ಹಿಮ್ ಸೈನ್’ನಲ್ಲಿ ಒತ್ತಾಯವಿದೆ, ‘ಗಾಟ್ ಹಿಮ್ ಟು ಸೈನ್’ನಲ್ಲಿ ಒಪ್ಪಿಸಿದ ಶ್ರಮವಿದೆ.

ವಸ್ತು ನಡುವೆ ಬರುವ ಆ ಮೊದಲಿನ ರಚನೆ ಅವಘಡಕ್ಕೂ ಬರುತ್ತದೆ. ‘ಹಿ ಗಾಟ್ ಹಿಸ್ ಫಿಂಗರ್ ಕಾಟ್ ಇನ್ ದಿ ಡೋರ್’ ಅಂದರೆ ಬೆರಳನ್ನು ಸಿಕ್ಕಿಸಿಕೊಂಡ, ಯಾರಿಂದಲೋ ಸಿಕ್ಕಿಸಿದ ಎಂದಲ್ಲ. ಯಾರಾದರೂ ಬೇಕೆಂದು ಮಾಡಿಸುವ ಕೆಲಸವೇ ಎಂದು ಕೇಳಿಕೊಂಡರೆ ಸಾಕು.

ನಡುವೆ ವಸ್ತುವಿಲ್ಲದೆ ನೇರವಾಗಿ ಮೂರನೆಯ ರೂಪ ಬಂದರೆ ಅದು ಕರ್ಮಣಿ ಪ್ರಯೋಗದ ಆಡುಮಾತಿನ ರೂಪ, ಹೆಚ್ಚಾಗಿ ಬೇಡದ್ದು ನಡೆದಾಗ ಬಳಸುವುದು. ಇಲ್ಲಿ ‘ಬೈಯಲ್ಪಟ್ಟ’ ಎಂಬಂತೆ ‘ಅಲ್ಪಡು’ ಹಚ್ಚಿ ಅನುವಾದಿಸಬೇಡಿ. ‘ಹಿ ಗಾಟ್ ಸ್ಕೋಲ್ಡೆಡ್’ಗೆ ‘ಬೈಸಿಕೊಂಡ’ ಎನ್ನುವ ಜೀವಂತ ರೂಪ ನಮ್ಮಲ್ಲೇ ಇದೆ. ‘ಗಾಟ್ ಕಾಟ್’ಗೆ ‘ಸಿಕ್ಕಿಬಿದ್ದ’ ಇದೆ. ‘ಗಾಟ್ ಮ್ಯಾರಿಡ್’ ಅಂದರೆ ಮದುವೆಯಾದ, ಅದರ ಮುಂದೆ ‘ಟು’ ಬರುತ್ತದೆ, ‘ವಿತ್’ ಅಲ್ಲ.

‘ಟು’ ಸೇರಿದ ಮೂಲರೂಪ ನೇರವಾಗಿ ಬಂದರೆ ಅವಕಾಶ ಸಿಗುವುದು: ‘ವಿ ಗಾಟ್ ಟು ಸೀ ದಿ ಸೀ’, ನಮಗೆ ಸಮುದ್ರ ನೋಡುವ ಅವಕಾಶ ಸಿಕ್ಕಿತು. ಅದರ ಹಿಂದೆ ‘ಹ್ಯಾವ್’ ಇದ್ದರೆ ಮಾತ್ರ ‘ಬೇಕು’: ‘ಐ ಹ್ಯಾವ್ ಗಾಟ್ ಟು ಗೋ’, ನಾನು ಹೋಗಲೇಬೇಕು. ಮಾತಿನಲ್ಲಿ ಆ ‘ಹ್ಯಾವ್’ ನುಂಗಿಹೋಗಿ ‘ಐ ಗಾಟ್ ಟು ಗೋ’ ಎಂದಷ್ಟೇ ಕೇಳಿಸುವುದರಿಂದ ಗೊಂದಲ. ನಿನ್ನೆಯ ಸುದ್ದಿಯಾದರೆ ಅವಕಾಶ, ಈಗ ಎದ್ದು ಹೊರಡುತ್ತಿದ್ದರೆ ಅನಿವಾರ್ಯ.

ಓವರ್, ಬೈ, ಥ್ರೂ

ಇಂಥ ಜೋಡಿಗಳಲ್ಲಿ ಬಿಡಿಪದದ ಅರ್ಥ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಗೆಟ್ ಓವರ್ ಅಂದರೆ ಕಾಯಿಲೆ ಅಥವಾ ದುಃಖದಿಂದ ಚೇತರಿಸಿಕೊಳ್ಳುವುದು, ಗೆಟ್ ಬೈ ಇದ್ದುದರಲ್ಲಿ ಹೇಗೋ ಸಾಗಿಸುವುದು, ಗೆಟ್ ಅಲಾಂಗ್ ಹೊಂದಿಕೊಂಡಿರುವುದು, ಗೆಟ್ ಅವೇ ವಿತ್ ತಪ್ಪು ಮಾಡಿಯೂ ದಂಡ ತೆರದೆ ಪಾರಾಗುವುದು. ಗೆಟ್ ಥ್ರೂ ಎರಡು ಕೆಲಸ ಮಾಡುತ್ತದೆ: ಕಷ್ಟದ ಕಾಲ ದಾಟುವುದು, ಫೋನಿನಲ್ಲಿ ಸಂಪರ್ಕ ಸಿಗುವುದು. ಇವನ್ನು ದಿನಕ್ಕೆ ಎರಡರಂತೆ, ಇಡೀ ವಾಕ್ಯದ ಸಮೇತ ಬರೆದುಕೊಳ್ಳುವುದು ಒಳ್ಳೆಯದು. ನಿಘಂಟು ನೋಡುವಾಗ ಕಲಿಯುವವರಿಗಾಗಿಯೇ ಮಾಡಿದ ನಿಘಂಟನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಹೆಚ್ಚು ಬಳಕೆಯ ಅರ್ಥ ಮೊದಲು ಬರುವುದು ರೂಢಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಂಥ ಐತಿಹಾಸಿಕ ನಿಘಂಟಿನಲ್ಲಿ ಹಳೆಯ ಅರ್ಥಕ್ಕೆ ಮೊದಲ ಜಾಗ, ಅದು ಇಂದು ಬಳಕೆಯಲ್ಲಿ ಇಲ್ಲದಿರಬಹುದು.

ಬರೆಯುವಾಗ

ಅರ್ಜಿ, ವರದಿ, ಪ್ರಬಂಧಗಳಲ್ಲಿ ‘ಗೆಟ್’ ತೀರ ಆಡುಮಾತಿನಂತೆ ಕಾಣಬಹುದು. ರಿಸೀವ್, ಅಬ್ಟೈನ್, ಬಿಕಮ್, ಅರೈವ್, ಅಂಡರ್‌ಸ್ಟ್ಯಾಂಡ್ ಇವುಗಳಲ್ಲಿ ಒಂದನ್ನು ಅದರ ಜಾಗದಲ್ಲಿಟ್ಟು ನೋಡಿ. ಓದುವಾಗಲೂ ಇದು ಒಳ್ಳೆಯ ಪರೀಕ್ಷೆ: ಯಾವುದು ಕೂರುತ್ತದೋ ಅದೇ ಅಲ್ಲಿನ ಅರ್ಥ. ಗೆಳೆಯರಿಗೆ ಬರೆಯುವಾಗ ಮಾತ್ರ ಈ ಬದಲಾವಣೆ ಬೇಡ, ‘ಐ ಅಬ್ಟೈನ್ಡ್ ಸಮ್ ಮಿಲ್ಕ್’ ಎಂದು ಯಾರೂ ಹೇಳುವುದಿಲ್ಲ.

ಅಮೆರಿಕನ್ ಬರಹಗಳಲ್ಲಿ ‘ಗೆಟ್’ನ ಮೂರನೆಯ ರೂಪವಾಗಿ ‘ಗಾಟನ್’ ಕಂಡರೆ ಅಚ್ಚಿನ ತಪ್ಪೆಂದುಕೊಳ್ಳಬೇಡಿ. ಅಲ್ಲಿ ‘ಹ್ಯಾವ್ ಗಾಟನ್’ ಅಂದರೆ ಸಿಕ್ಕಿದೆ ಅಥವಾ ಆಗಿದೆ, ‘ಹ್ಯಾವ್ ಗಾಟ್’ ಅಂದರೆ ಇದೆ. ಇಂದಿನ ಬ್ರಿಟಿಷ್ ಬಳಕೆಯಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ಗಾಟ್’ ಒಂದೇ, ಹಾಗಾಗಿ ‘ಐ ಹ್ಯಾವ್ ಗಾಟ್ ಎ ಜಾಬ್’ ಎಂದರೆ ಕೆಲಸ ಇದೆಯೋ ಈಗಷ್ಟೇ ಸಿಕ್ಕಿತೋ ಎಂಬುದನ್ನು ಹಿಂದುಮುಂದಿನ ವಾಕ್ಯಗಳಿಂದಲೇ ತಿಳಿಯಬೇಕು.